ಬಾಯಿ ತೆರೆದ ಮುಖಗಳು: ಡಚ್ ಪಡಖಾನೆಯ ಚಿತ್ರಗಳನ್ನು ನೋಡುತ್ತಾ

(ಚಿತ್ರಕಲೆಯಲ್ಲಿ ಆಸಕ್ತಿಯಿರುವ ಗೆಳೆಯರ ಸಭೆಯಲ್ಲಿ, ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತಾ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲಿರುವ ಈ ಮನುಷ್ಯನ ಹೆಸರು ಯಾರಿಗೂ ಗೊತ್ತಿಲ್ಲ. ಕೆದರಿದ ಕೂದಲು, ಮಾಸಿದ ಬಟ್ಟೆ. ಒಂದು ಕೈಯಲ್ಲಿ ಸೀಸೆ, ಇನ್ನೊಂದರಲ್ಲಿ ಬಟ್ಟಲು. ಈಗಷ್ಟೇ ಏನೋ ಕುಡಿದಿದ್ದಾನೆ, ಅದು ಕೆಟ್ಟ ಕಹಿ. ಔಷಧಿಯೋ ಹಾಳು ಹೆಂಡವೋ, ಚಿತ್ರ ಬಾಯಿಬಿಡುವುದಿಲ್ಲ. ಆದರೆ ಆ ಮುಖ ನೋಡಿ. ಹುಬ್ಬು ಗಂಟಿಕ್ಕಿದೆ, ಕಣ್ಣು ಕಿರಿದಾಗಿದೆ, ಮೂಗಿನ ಪಕ್ಕದ ಗೆರೆಗಳು ಸೆಳೆದುಕೊಂಡಿವೆ, ಬಾಯಿ ಪೂರ್ತಿ ತೆರೆದಿದೆ. ನೋಡುತ್ತಾ ನೋಡುತ್ತಾ ನಮ್ಮ ನಾಲಿಗೆಯ ಬುಡದಲ್ಲೂ ಕಹಿ ಆಡುತ್ತದೆ, ಅಲ್ವಾ?

ಇದನ್ನು ಬರೆದವನು ಆಡ್ರಿಯಾನ್ ಬ್ರೌವರ್. 1636-38ರ ಸುಮಾರಿನ ಚಿತ್ರ. ಈಗ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸ್ಟೇಡಲ್ ಮ್ಯೂಸಿಯಂನಲ್ಲಿದೆ. ಓಕ್ ಮರದ ಹಲಗೆಯ ಮೇಲೆ ತೈಲವರ್ಣ. ಎತ್ತರ ಅರ್ಧ ಮೀಟರ್ ಕೂಡ ಇಲ್ಲ. ಪರದೆಯ ಮೇಲೆ ನಾವು ಹಿಗ್ಗಿಸಿ ನೋಡುತ್ತಿದ್ದೇವೆ, ನಿಜದಲ್ಲಿ ಕೈಯಲ್ಲಿ ಹಿಡಿದು ನೋಡಬಹುದಾದ ಗಾತ್ರ.

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರ ಇಡುತ್ತೇನೆ. ರೆಂಬ್ರಾಂಟ್ 1662ರಲ್ಲಿ ಬರೆದ, ಆಮ್‌ಸ್ಟರ್‌ಡ್ಯಾಮ್‌ನ ಬಟ್ಟೆ ಪರೀಕ್ಷಕರ ಗುಂಪುಚಿತ್ರ. ಐದು ಜನ ದೊಡ್ಡ ಮನುಷ್ಯರು, ಹಿಂದೆ ಒಬ್ಬ ಸೇವಕ. ಕಪ್ಪು ಬಟ್ಟೆ, ಬಿಳಿ ಕಾಲರ್. ಒಬ್ಬರ ಹಲ್ಲೂ ಕಾಣುವುದಿಲ್ಲ. ದುಡ್ಡು ಕೊಟ್ಟು ತಮ್ಮ ಚಿತ್ರ ಬರೆಸಿಕೊಂಡವರು ಆ ಕಾಲದಲ್ಲಿ ಸಾಮಾನ್ಯವಾಗಿ ಬಾಯಿ ಮುಚ್ಚಿಕೊಂಡೇ ಕೂರುತ್ತಿದ್ದರು. ಅದು ಮರ್ಯಾದೆಯ ಲಕ್ಷಣ.

ಪಡಖಾನೆಯ ಚಿತ್ರಗಳಲ್ಲಿ ಮಾತ್ರ ಬಾಯಿಗಳು ತೆರೆದುಕೊಳ್ಳುತ್ತವೆ. ಹಾಡುತ್ತವೆ, ಆಕಳಿಸುತ್ತವೆ, ಬೈಯುತ್ತವೆ, ಹೊಗೆ ಬಿಡುತ್ತವೆ, ನಗುತ್ತವೆ, ನೋವಿನಿಂದ ಕೂಗುತ್ತವೆ. ನಾನು ಇವತ್ತು ಹೇಳಬೇಕೆಂದಿರುವುದು ಇದೊಂದೇ. ಹದಿನೇಳನೇ ಶತಮಾನದ ಡಚ್ಚರಲ್ಲಿ ಮನುಷ್ಯನ ಮುಖ ಏನೇನು ಮಾಡಬಲ್ಲದು ಎಂದು ಕಲಿಯಲು ಕಲಾವಿದರು ಹೋದದ್ದು ಶ್ರೀಮಂತರ ಪಡಸಾಲೆಗಲ್ಲ, ಪಡಖಾನೆಗೆ. ಕೊಂಡವರು ಬಹುಶಃ ಈ ಚಿತ್ರಗಳನ್ನು ನೋಡಿ ನಗಲಿಕ್ಕೇ ಕೊಂಡರು. ಬರೆದವರಲ್ಲಿ ಒಳ್ಳೆಯವರು ಸುಮ್ನೆ ನಗಿಸಲಿಕ್ಕೆ ಬರೆಯಲಿಲ್ಲ.

ಮೊದಲು ಕೊಂಡವರ ವಿಷಯ ಹೇಳಿಬಿಡುತ್ತೇನೆ. ಉತ್ತರದ ಡಚ್ ಪ್ರಾಂತ್ಯಗಳು ಸ್ಪೇನಿನ ದೊರೆಯ ವಿರುದ್ಧ ದಂಗೆಯೆದ್ದು, ಪ್ರಾಟೆಸ್ಟೆಂಟ್ ಪಂಥದ ಆಡಳಿತಕ್ಕೆ ಬಂದವು. ಆ ಚರ್ಚುಗಳ ಒಳಗೆ ಪೂಜೆಯ ಚಿತ್ರಗಳಿಗೆ ಜಾಗ ಇಲ್ಲ. ಅಂದರೆ ಕಲಾವಿದರಿಗೆ ಅಷ್ಟು ದಿನ ಅನ್ನ ಹಾಕಿದ್ದ ದೊಡ್ಡ ಗಿರಾಕಿಯೇ ಹೋದ. ಅದೇ ಹೊತ್ತಿಗೆ ಊರುಗಳಲ್ಲಿ ವ್ಯಾಪಾರ ಬೆಳೆದು ಬೇಕರಿಯವನು, ದರ್ಜಿ, ಹಡಗಿನ ಕ್ಯಾಪ್ಟನ್ ಎಲ್ಲರ ಕೈಯಲ್ಲೂ ನಾಲ್ಕು ಕಾಸು ಆಡತೊಡಗಿತು. ಮನೆಯ ಗೋಡೆಗೆ ಅವರಿಗೂ ಚಿತ್ರ ಬೇಕು. ಹಾಗಾಗಿ ಕಲಾವಿದರು ಯಾರೂ ಹೇಳದೆಯೇ ಚಿತ್ರ ಬರೆದು, ಸಿದ್ಧ ಮಾಲಿನಂತೆ ಮಾರುಕಟ್ಟೆಗೆ ಬಿಟ್ಟರು. ಜಾತ್ರೆಯಲ್ಲಿ ಮಾರಿದರು, ಲಾಟರಿಯಲ್ಲಿಟ್ಟರು, ಹರಾಜು ಹಾಕಿದರು.

ಆ ಹರಾಜು ಎಷ್ಟೋ ಸಲ ನಡೆಯುತ್ತಿದ್ದದ್ದು ಎಲ್ಲಿ ಗೊತ್ತಾ? ಪಡಖಾನೆಯಲ್ಲೇ. ಆಗಿನ ಪಡಖಾನೆ ಬರೀ ಕುಡಿಯುವ ಜಾಗ ಅಲ್ಲ. ಅಲ್ಲಿ ಕರಾರು ಬರೆಯುತ್ತಿದ್ದರು, ದೋಣಿಗೆ ಕಾಯುತ್ತಿದ್ದರು, ರಾತ್ರಿ ತಂಗುತ್ತಿದ್ದರು, ಮನೆ ಮಾರುತ್ತಿದ್ದರು. ಡೆಲ್ಫ್ಟ್ ಊರಿನ ಯೊಹಾನಸ್ ವರ್ಮೀರ್ ನಿಮಗೆಲ್ಲ ಗೊತ್ತು. ಕಿಟಕಿಯ ಬೆಳಕು, ಹಾಲು ಸುರಿಯುವ ಹೆಂಗಸು, ಆ ನಿಶ್ಶಬ್ದ. ಅವನ ಅಪ್ಪ ಪಡಖಾನೆ ನಡೆಸುತ್ತಿದ್ದ. ಜೊತೆಗೆ ಚಿತ್ರದ ವ್ಯಾಪಾರ ಮಾಡಲು 1631ರಲ್ಲಿ ಕಲಾವಿದರ ಸಂಘದಲ್ಲಿ ಹೆಸರು ನೋಂದಾಯಿಸಿದ್ದ. 1641ರಲ್ಲಿ ಊರಿನ ಮಾರುಕಟ್ಟೆ ಚೌಕದಲ್ಲೇ 'ಮೆಖೆಲೆನ್' ಎನ್ನುವ ದೊಡ್ಡ ತಂಗುಮನೆ ಕೊಂಡ. ಅಷ್ಟು ಮೌನದ ಚಿತ್ರಗಳನ್ನು ಬರೆದವನು ಬೆಳೆದದ್ದು ಮಗ್ಗುಗಳ ಸದ್ದಿನ ನಡುವೆ. ನನಗೆ ಇದು ಯಾವಾಗ ನೆನೆದರೂ ಬೆರಗು.

ಈಗ ಬ್ರೌವರ್‌ಗೆ ಬರೋಣ. ಇವತ್ತಿನ ಮಾತಿನಲ್ಲಿ ಅವನಿಗೇ ಜಾಸ್ತಿ ಪಾಲು.

ಹುಟ್ಟಿದ್ದು 1605ರ ಸುಮಾರಿಗೆ, ಫ್ಲಾಂಡರ್ಸ್‌ನ ಔದೆನಾರ್ದೆ ಎಂಬ ಊರಲ್ಲಿ. ಇಂದಿನ ಬೆಲ್ಜಿಯಂ. ಹಾಗಾಗಿ ಅವನನ್ನು ಡಚ್ ಅನ್ನಬೇಕೋ ಫ್ಲೆಮಿಶ್ ಅನ್ನಬೇಕೋ ಎಂಬ ಚರ್ಚೆ ಬರುತ್ತದೆ. ಆ ಗಡಿ ಆಗ ಕಲಾವಿದರ ಕಾಲಿಗೆ ಅಡ್ಡ ಬಂದಿರಲಿಲ್ಲ. 1585ರಲ್ಲಿ ಆಂಟ್ವರ್ಪ್ ಸ್ಪೇನಿನವರ ವಶವಾದ ಮೇಲೆ ಅಲ್ಲಿಂದ ಸಾವಿರಾರು ಜನ ಉತ್ತರಕ್ಕೆ ಗುಳೆ ಹೋದರು. ಹಳ್ಳಿಗರ ಮದುವೆ, ಕುಣಿತ, ಊಟ ಬರೆಯುವ ದಕ್ಷಿಣದ ರೂಢಿಯೂ ಅವರ ಜೊತೆ ಹೋಯಿತು. ಹಿರಿಯ ಪೀಟರ್ ಬ್ರೂಗೆಲ್ ಅದನ್ನು 1560ರ ದಶಕದಲ್ಲೇ ಎತ್ತರಕ್ಕೆ ಒಯ್ದಿದ್ದ. ಬ್ರೌವರ್ 1620ರ ದಶಕದಲ್ಲಿ ಆಮ್‌ಸ್ಟರ್‌ಡ್ಯಾಮ್, ಹಾರ್ಲೆಮ್ ಊರುಗಳಲ್ಲಿ ಕೆಲಸ ಮಾಡಿದ. 1631-32ರ ಹೊತ್ತಿಗೆ ಆಂಟ್ವರ್ಪ್‌ಗೆ ಬಂದು ಅಲ್ಲಿನ ಸಂಘದ ಸದಸ್ಯನಾದ. 1633ರಲ್ಲಿ ಅಲ್ಲಿನ ಕೋಟೆಯ ಸೆರೆಯಲ್ಲಿದ್ದ. ಕೋಟೆಯಲ್ಲಿ ಬೇಕರಿ ನಡೆಸುತ್ತಿದ್ದ ಯೋಸ್ ವಾನ್ ಕ್ರಾಸ್‌ಬೇಕ್ ಎನ್ನುವವನು ಇವನ ಗೆಳೆಯನಾಗಿ, ಶಿಷ್ಯನಾಗಿ, ಕೊನೆಗೆ ತಾನೂ ಪಡಖಾನೆಯ ಚಿತ್ರ ಬರೆಯುವ ಕಲಾವಿದನೇ ಆದ. 1638ರ ಜನವರಿಯಲ್ಲಿ ಬ್ರೌವರ್ ಸತ್ತ. ವಯಸ್ಸು ಮೂವತ್ತರ ಆಚೆ ಈಚೆ ಅಷ್ಟೇ.

ಇಷ್ಟು ಚಿಕ್ಕ ಬದುಕು. ಅದಕ್ಕೆ ಆಮೇಲೆ ಅಂಟಿಸಿದ ಕಥೆ ಮಾತ್ರ ಬಹಳ ದೊಡ್ಡದು. 1718ರಿಂದ 1721ರ ನಡುವೆ ಆರ್ನಾಲ್ಡ್ ಹೌಬ್ರಾಕನ್ ಎನ್ನುವವನು ಡಚ್ ಕಲಾವಿದರ ಜೀವನ ಚರಿತ್ರೆಗಳನ್ನು ಪ್ರಕಟಿಸಿದ. ಅದರಲ್ಲಿ ಬ್ರೌವರ್ ಎಂದರೆ ಮಹಾ ಕುಡುಕ, ಪೋಲಿ. ಪಡಖಾನೆ ಬರೆದವನು ಪಡಖಾನೆಯಲ್ಲೇ ಬಿದ್ದಿದ್ದ ಎನ್ನುವ ಸುಲಭದ ಲೆಕ್ಕ. ಈ ಲೆಕ್ಕವನ್ನು ಇನ್ನೂರು ವರ್ಷ ಜನ ಹಾಗೇ ನಂಬಿಕೊಂಡು ಬಂದರು.

ಆದರೆ ದಾಖಲೆಗಳು ಹೇಳುವುದು ಬೇರೆ. ಬ್ರೌವರ್ ಹಾರ್ಲೆಮ್‌ನಲ್ಲೂ ಆಂಟ್ವರ್ಪ್‌ನಲ್ಲೂ ಕಾವ್ಯ, ನಾಟಕ ಆಡುವ ಕೂಟಗಳ ಸದಸ್ಯನಾಗಿದ್ದ. ಅಕ್ಷರ ಬಲ್ಲವರ, ಮಾತು ಬಲ್ಲವರ ಸಹವಾಸ. ಇನ್ನೂ ದೊಡ್ಡ ಸಾಕ್ಷಿ ಬೇಕೆಂದರೆ, 1640ರಲ್ಲಿ ರೂಬೆನ್ಸ್ ತೀರಿಕೊಂಡಾಗ ಅವನ ಮನೆಯ ಸ್ವತ್ತಿನ ಪಟ್ಟಿಯಲ್ಲಿ ಬ್ರೌವರ್‌ನ 17 ಚಿತ್ರಗಳಿದ್ದವು. ರೂಬೆನ್ಸ್ ಅಂದರೆ ರಾಜ ಮಹಾರಾಜರಿಗೆ ಚಿತ್ರ ಬರೆದವನು, ರಾಯಭಾರಿಯಾಗಿ ಓಡಾಡಿದವನು. ರೆಂಬ್ರಾಂಟ್ 1656ರಲ್ಲಿ ದಿವಾಳಿಯಾದಾಗ ಮಾಡಿದ ಪಟ್ಟಿಯಲ್ಲೂ ಬ್ರೌವರ್ ಇದ್ದಾನೆ. ಆ ಕಾಲದ ಇಬ್ಬರು ಅತಿ ದೊಡ್ಡ ಕಲಾವಿದರು ತಮ್ಮ ದುಡ್ಡು ಕೊಟ್ಟು ಮನೆಯಲ್ಲಿಟ್ಟುಕೊಂಡದ್ದು ಈ 'ಕುಡುಕ'ನ ಕೆಲಸವನ್ನು. ತಮಾಷೆಗೆ 17 ಚಿತ್ರ ಯಾರೂ ಕೊಳ್ಳುವುದಿಲ್ಲ. ಅವರು ಅವನ ಕೈಚಳಕ ಕಂಡಿದ್ದರು.

ಆ ಕೈಚಳಕ ಏನು? ಈ ಚಿತ್ರ ನೋಡಿ. ಧೂಮಪಾನಿಗಳು. 1636ರ ಸುಮಾರು, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಮೇಜಿನ ಸುತ್ತ ಐದು ಜನ. ನಡುವೆ ಇರುವವನು ಮಗ್ಗು ಎತ್ತಿ ಹಿಡಿದು ನಮ್ಮ ಕಡೆಗೇ ತಿರುಗಿದ್ದಾನೆ. ಕಣ್ಣು ಅಗಲವಾಗಿವೆ, ಬಾಯಿಂದ ಹೊಗೆ ಬರುತ್ತಿದೆ. ಯಾರೋ ಬಾಗಿಲು ತೆರೆದಾಗ ಸಿಕ್ಕಿಬಿದ್ದಂತೆ ಇದೆ ಅವನ ನೋಟ. ಅವನೇ ಬ್ರೌವರ್. ಬಲಗಡೆ ಒಳ್ಳೆಯ ಬಟ್ಟೆ ಹಾಕಿದವನೊಬ್ಬ ಒಂದು ಮೂಗಿನ ಹೊಳ್ಳೆ ಒತ್ತಿಕೊಂಡು ಇನ್ನೊಂದರಿಂದ ಹೊಗೆ ಬಿಡುತ್ತಿದ್ದಾನೆ. ಅವನು ಯಾನ್ ಡಾವಿಡ್ಸ್ ಡೆ ಹೇಮ್, ಹಣ್ಣು ಹೂವಿನ ಚಿತ್ರಗಳಿಗೆ ಯುರೋಪಿನಲ್ಲೇ ಹೆಸರಾದ ಕಲಾವಿದ. ಹತ್ತಿರದಲ್ಲೇ ಯಾನ್ ಕೊಸಿಯರ್ಸ್ ಎಂಬ ಮತ್ತೊಬ್ಬ ಕಲಾವಿದ ಇದ್ದಾನೆ.

ಅಂದರೆ ಇದು ಕಲಾವಿದರ ಗುಂಪುಚಿತ್ರ! ಬಟ್ಟೆ ಪರೀಕ್ಷಕರು ಬಾಯಿ ಮುಚ್ಚಿ ಕೂತರು, ಇವರು ಬಾಯಿ, ಮೂಗು ಎರಡನ್ನೂ ಬಿಟ್ಟುಕೊಂಡು ಕೂತರು. ಪಡಖಾನೆಯವರ ಮುಖ ಬರೆಯುವ ಬ್ರೌವರ್ ತನ್ನ ಮುಖವನ್ನು ಅವರಿಗಿಂತ ಮೇಲೆ ಇಡಲಿಲ್ಲ. ಅದೇ ಮೇಜಿಗೆ ತಂದು ಕೂರಿಸಿದ. ನನಗೆ ಬ್ರೌವರ್ ಇಷ್ಟವಾಗುವುದು ಇಲ್ಲಿ.

ಬಣ್ಣ ಹಚ್ಚಿದ ರೀತಿಯನ್ನೂ ಸ್ವಲ್ಪ ಗಮನಿಸಿ. ಹಿನ್ನೆಲೆ ತೆಳು ಕಂದು, ಕೆಲವು ಕಡೆ ಕುಂಚ ಓಡಿದ ಜಾಡೇ ಕಾಣುತ್ತದೆ. ಗೋಡೆ, ಬೆಂಚು ಎಲ್ಲ ಬೇಗ ಬೇಗ ಬರೆದು ಬಿಟ್ಟದ್ದು. ಕುಂಚ ನಿಧಾನವಾಗುವುದು ಮುಖಕ್ಕೆ ಬಂದಾಗ. ಮುಖದಲ್ಲೂ ಬಾಯಿ, ಕಣ್ಣಿನ ಸುತ್ತ. ಎಲ್ಲಿ ಗಮನ ಕೊಡಬೇಕು ಅನ್ನುವುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು.

ತಂಬಾಕಿನ ಬಗ್ಗೆ ಒಂದು ಮಾತು, ಯಾಕೆಂದರೆ ಇದರಲ್ಲಿ ನಮ್ಮ ವಿಜಯಪುರ ಬರುತ್ತದೆ. ಬ್ರೌವರ್ ಬರೆಯುವಾಗ ತಂಬಾಕು ಯುರೋಪಿನ ಜನಸಾಮಾನ್ಯರಿಗೆ ಇನ್ನೂ ಹೊಸ ಚಟ. ಅಮೆರಿಕದಿಂದ ಬಂದ ಎಲೆ. ಡಚ್ಚರ ಹೌಡಾ ಊರಲ್ಲಿ ಬಿಳಿ ಜೇಡಿಯ ಚಿಲುಮೆ ಮಾಡುವ ದೊಡ್ಡ ಕಸುಬೇ ಬೆಳೆಯಿತು. ಅಗ್ಗದ ಮಾಲು, ಬಿದ್ದರೆ ಒಡೆಯುತ್ತದೆ. ಅದಕ್ಕೇ ಈ ಚಿತ್ರಗಳ ನೆಲದ ತುಂಬ ಚಿಲುಮೆಯ ತುಂಡುಗಳು. ಸರಿ, ಅದೇ ಎಲೆ ಪೋರ್ಚುಗೀಸರ ಮೂಲಕ ದಖ್ಖನ್ನಿಗೂ ಬಂದಿತ್ತು. ಅಕ್ಬರನ ದರಬಾರಿನ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ಆದಿಲ್ ಶಾಹಿಗಳ ವಿಜಯಪುರದಲ್ಲಿ. ಅಲ್ಲಿಂದ ಅಲಂಕಾರದ ಚಿಲುಮೆಯ ಜೊತೆ ಒಯ್ದು ಅಕ್ಬರನ ಮುಂದಿಟ್ಟ. ಅಕ್ಬರ ಒಂದೆರಡು ದಮ್ಮು ಎಳೆದ, ವೈದ್ಯರು ಬೇಡ ಅಂದರು. ಇದೆಲ್ಲ 1604-05ರ ಸುಮಾರಿಗೆ, ಬ್ರೌವರ್ ಹುಟ್ಟುವ ಆಸುಪಾಸಿನಲ್ಲಿ. ಇನ್ನೊಂದು ವಿಷಯ: 1610ರ ಹೊತ್ತಿಗೆ ವಿಜಯಪುರದಲ್ಲಿ ಎರಡನೇ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಹಾರ್ಲೆಮ್ ಊರಿನ ಕಲಾವಿದನೊಬ್ಬ ಇದ್ದ. ಹೆಸರು ಕೊರ್ನೆಲಿಸ್ ಕ್ಲಾಸ್ ಹೇಡಾ. ಮುಂದೆ ಬ್ರೌವರ್ ಹೋಗಿ ಕೆಲಸ ಮಾಡಿದ್ದು ಅದೇ ಹಾರ್ಲೆಮ್‌ನಲ್ಲಿ. ಗೋಳಗುಮ್ಮಟ ಕಟ್ಟುವುದಕ್ಕೂ ಮುಂಚೆ ಒಬ್ಬ ಹಾರ್ಲೆಮ್ಮಿನವನು ವಿಜಯಪುರದ ಬೀದಿಯಲ್ಲಿ ಓಡಾಡಿದ್ದ. ಇದು ನಮ್ಮ ಶಾಲೆಯ ಪಾಠದಲ್ಲಿ ಬರಬೇಕಾದ ಸಂಗತಿ.

ಮತ್ತೆ ಮೇಜಿಗೆ ಬರೋಣ. ಈ ಚಿತ್ರಗಳಲ್ಲಿರುವ ಪಾತ್ರೆಗಳನ್ನು ಗುರುತಿಸಲು ಕಲಿತರೆ ನೋಡುವ ಸುಖ ಹೆಚ್ಚುತ್ತದೆ. ಹಸಿರು ಬಣ್ಣದ, ಕೆಳಗೆ ಗುಬುಟು ಗುಬುಟಾಗಿರುವ ಗಾಜಿನ ಬಟ್ಟಲು ಕಾಣುತ್ತದಲ್ಲ, ಅದು ರೋಮರ್. ವೈನ್ ಕುಡಿಯಲು. ಊಟ ಮಾಡುವಾಗ ಕೈ ಜಿಡ್ಡಾದರೂ ಜಾರಬಾರದು ಎಂದು ಆ ಗುಬುಟುಗಳು. ಉದ್ದಕ್ಕೆ ಕೊಳವೆಯಂತೆ ಇರುವ, ಮೈಮೇಲೆ ಉಂಗುರದಂಥ ಗೆರೆಗಳಿರುವ ಗಾಜು ಪಾಸ್‌ಗ್ಲಾಸ್. ಇದರಲ್ಲಿ ಪಂದ್ಯ ಕಟ್ಟಿ ಬಿಯರ್ ಕುಡಿಯುತ್ತಿದ್ದರು. ಒಂದೇ ಗುಟುಕಿಗೆ ಸರಿಯಾಗಿ ಮುಂದಿನ ಗೆರೆಯವರೆಗೆ ಕುಡಿಯಬೇಕು. ಗೆರೆ ದಾಟಿದರೆ ಅದರ ಮುಂದಿನ ಗೆರೆಯವರೆಗೂ ಕುಡಿಯಬೇಕು. ಅಮಲು ಏರಿದಷ್ಟೂ ಗುರಿ ತಪ್ಪುತ್ತದೆ, ಗುರಿ ತಪ್ಪಿದಷ್ಟೂ ಅಮಲು ಏರುತ್ತದೆ. ಸೋಲದೇ ಇರುವುದು ಕಷ್ಟ. ಇನ್ನು, ಗಡ್ಡದ ಮುಖ ಕೆತ್ತಿದ ಕಂದು ಹೂಜಿ ರೈನ್ ನದಿಯ ಕಡೆಯ ಜರ್ಮನ್ ಕುಂಬಾರರದ್ದು. ಕೆಲವು ಚಿತ್ರಗಳಲ್ಲಿ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಗೆರೆಗಳಿರುತ್ತವೆ. ನಮ್ಮ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇದ್ದ ಹಾಗೆ, ಯಾರು ಎಷ್ಟು ಕುಡಿದು ಬಾಕಿ ಇಟ್ಟಿದ್ದಾರೆ ಎನ್ನುವ ಲೆಕ್ಕ.

ಈಗ ಯಾನ್ ಸ್ಟೇನ್. 1626ರ ಸುಮಾರಿಗೆ ಲೈಡನ್ನಿನಲ್ಲಿ ಹುಟ್ಟಿದವನು. ಅಪ್ಪ ಬಿಯರ್ ಭಟ್ಟಿಯವನು. ಸ್ಟೇನ್ ಕೂಡ 1654ರಿಂದ ಕೆಲವು ವರ್ಷ ಡೆಲ್ಫ್ಟ್‌ನಲ್ಲಿ ಭಟ್ಟಿ ನಡೆಸಿದ, ಕೈ ಹತ್ತಲಿಲ್ಲ. 1672 ಡಚ್ಚರ ಪಾಲಿಗೆ ಕೇಡಿನ ವರ್ಷ. ಫ್ರಾನ್ಸ್, ಇಂಗ್ಲೆಂಡ್ ಎರಡೂ ಒಟ್ಟಿಗೆ ಮೇಲೆ ಬಿದ್ದವು. ಚಿತ್ರ ಕೊಳ್ಳುವವರೇ ಇಲ್ಲವಾದರು. ಆ ವರ್ಷ ಸ್ಟೇನ್ ಲೈಡನ್ನಿನಲ್ಲಿ ಪಡಖಾನೆ ತೆರೆಯಲು ಪರವಾನಗಿ ತೆಗೆದುಕೊಂಡ. ಇದನ್ನೇ ಹಿಡಿದು ಹೌಬ್ರಾಕನ್ ಅವನನ್ನೂ ಕುಡುಕನ ಪಟ್ಟಿಗೆ ಸೇರಿಸಿದ. ಮುನ್ನೂರಕ್ಕೂ ಹೆಚ್ಚು ಚಿತ್ರ ಬರೆದವನು, ಅದರಲ್ಲಿ ಎಷ್ಟೋ ಚಿತ್ರಗಳಲ್ಲಿ ಹತ್ತಿಪ್ಪತ್ತು ಮುಖಗಳನ್ನು ಹೂಡಬಲ್ಲವನು, ಬೆಳಗ್ಗೆಯಿಂದ ಕುಡಿದು ಬಿದ್ದಿರಲು ಸಾಧ್ಯವೇ? ಕೈ ನಡುಗುವವನ ಕೆಲಸ ಅಲ್ಲ ಇದು.

ಸ್ಟೇನ್ ತನ್ನ ಮುಖವನ್ನು ಚಿತ್ರಗಳಲ್ಲಿ ಮತ್ತೆ ಮತ್ತೆ ತರುತ್ತಾನೆ. ಹೇಗ್ ನಗರದ ಮೌರಿತ್ಸ್‌ಹೌಸ್‌ನಲ್ಲಿರುವ, 'ಹಿರಿಯರು ಹಾಡಿದಂತೆ ಕಿರಿಯರು ಊದುತ್ತಾರೆ' ಎಂಬ ಗಾದೆಯ ಚಿತ್ರದಲ್ಲಿ ಬಾಯ್ತುಂಬ ನಗುತ್ತಾ ಹುಡುಗನಿಗೆ ಚಿಲುಮೆ ಸೇದಲು ಕಲಿಸುತ್ತಿರುವವನು ಅವನೇ. ಮರ್ಯಾದಸ್ಥರು ಹಲ್ಲು ತೋರಿಸದ ಕಾಲದಲ್ಲಿ ತನ್ನ ಹಲ್ಲು ತಾನೇ ಬರೆದುಕೊಂಡವನು.

ಸ್ಟೇನ್ ವಿಷಯದಲ್ಲಿ ಪಂಡಿತರ ನಡುವೆ ಒಂದು ಹಳೆಯ ಜಗಳ ಇದೆ. ಅದನ್ನು ಹೇಳಲು ಈ ಚಿತ್ರ ಸಾಕು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿರುವ ಕುಡಿದ ಜೋಡಿ. ಹೆಂಗಸು ಮೈಮೇಲೆ ಪ್ರಜ್ಞೆ ಇಲ್ಲದೆ ಒರಗಿದ್ದಾಳೆ. ಗಂಡಸು ಇನ್ನೂ ಮೋಜಿನಲ್ಲೇ ಇದ್ದಾನೆ. ಹಿಂದುಗಡೆ ಅವರ ಬಟ್ಟೆ ಕದ್ದು ಸಾಗಿಸುತ್ತಿದ್ದಾರೆ. ಗೋಡೆಯ ಮೇಲೆ ಒಂದು ಗೂಬೆಯ ಚಿತ್ರ, ಜೊತೆಗೆ ಮೇಣದ ಬತ್ತಿ, ಕನ್ನಡಕ. ಕೆಳಗೆ ಒಂದು ಡಚ್ ಗಾದೆ: ನೋಡಲು ಮನಸ್ಸಿಲ್ಲದ ಗೂಬೆಗೆ ದೀಪವೇಕೆ, ಕನ್ನಡಕವೇಕೆ?

1970ರ ದಶಕದಲ್ಲಿ ಎಡ್ಡಿ ಡೆ ಯಾಂಗ್ ಮತ್ತು ಅವರ ಜೊತೆಯವರು ಈ ಥರದ ಚಿತ್ರಗಳೆಲ್ಲ ಒಳಗೆ ನೀತಿಪಾಠ ಬಚ್ಚಿಟ್ಟಿವೆ ಎಂದರು. ಸಿಂಪಿ, ಒಡೆದ ಮೊಟ್ಟೆ, ಗೂಬೆ ಎಲ್ಲಕ್ಕೂ ಅರ್ಥ ಇದೆ, ಓದಿಕೊಳ್ಳಿ ಎಂದರು. 1980ರ ದಶಕದಲ್ಲಿ ಸ್ವೆಟ್ಲಾನಾ ಆಲ್ಪರ್ಸ್ ಇದಕ್ಕೆ ಎದುರು ನಿಂತರು. ಡಚ್ಚರಿಗೆ ಕಣ್ಣಿಗೆ ಕಂಡದ್ದನ್ನು ಕಂಡಂತೆ ಬರೆಯುವುದೇ ದೊಡ್ಡ ಸುಖವಾಗಿತ್ತು, ಎಲ್ಲದರ ಹಿಂದೆ ಅರ್ಥ ಹುಡುಕಬೇಡಿ ಎಂದರು. ನನ್ನ ಮಟ್ಟಿಗೆ, ಸ್ಟೇನ್ ಓದಲು ಮೊದಲ ದಾರಿ ಬೇಕೇ ಬೇಕು. ಅವನು ಗಾದೆಯನ್ನು ಗೋಡೆಗೇ ಅಂಟಿಸಿದ್ದಾನಲ್ಲ! ಆದರೆ ನಾನು ತೋರಿಸಿದ ಬ್ರೌವರ್‌ನ ಎರಡು ಚಿತ್ರಗಳಿಗೆ ಆ ಬೀಗದ ಕೈ ಹತ್ತುವುದಿಲ್ಲ. ಅಲ್ಲಿ ಗೂಬೆ ಇಲ್ಲ, ಗಾದೆ ಇಲ್ಲ. ಕಹಿ ಕುಡಿದವನ ಮುಖ ಇದೆ, ಅಷ್ಟೇ. ಅದನ್ನು ನೀತಿಗೆ ಇಳಿಸಿದರೆ ಚಿತ್ರ ಕೈಜಾರುತ್ತದೆ.

ಸ್ಟೇನ್‌ನದೇ ಇನ್ನೊಂದು ಚಿತ್ರ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ರೈಕ್ಸ್‌ಮ್ಯೂಸಿಯಂನಲ್ಲಿರುವ ರಾಜಕುಮಾರನ ದಿನ. ರಾಜಕುಮಾರನ ಹುಟ್ಟುಹಬ್ಬಕ್ಕೆ ಪಡಖಾನೆಯಲ್ಲಿ ಜನ ತುಂಬಿದ್ದಾರೆ. ಒಬ್ಬ ಮಂಡಿಯೂರಿ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗ್ಲಾಸು ಹಿಡಿದಿದ್ದಾನೆ. ನೆಲದ ಮೇಲೆ ಬಿದ್ದ ಕಾಗದದಲ್ಲಿ ನಸ್ಸೌ ಮನೆತನದ ಪುಟ್ಟ ಯಜಮಾನನ ಆರೋಗ್ಯಕ್ಕೆ ಕುಡಿಯುವ ಮಾತು ಬರೆದಿದೆ. ಆ ಪುಟ್ಟ ಯಜಮಾನ ವಿಲಿಯಂ. ಹುಟ್ಟಿದ್ದು 1650ರ ನವೆಂಬರ್ 14ರಂದು, ಅಪ್ಪ ತೀರಿಕೊಂಡ ಎಂಟನೇ ದಿನಕ್ಕೆ. ಅಪ್ಪ ಹೋದ ಮೇಲೆ ಹಾಲೆಂಡ್ ಪ್ರಾಂತ್ಯದ ವ್ಯಾಪಾರಿ ಮುಖಂಡರು ಆ ಮನೆತನಕ್ಕೆ ಅಧಿಕಾರ ಕೊಡದೆ 1672ರವರೆಗೆ ತಾವೇ ಆಳಿದರು. ಅಂದರೆ ಈ ಹುಟ್ಟುಹಬ್ಬ ಬರೀ ಹುಟ್ಟುಹಬ್ಬ ಅಲ್ಲ. ಆಳುವವರ ಎದುರು ಜನ ತಮ್ಮ ಒಲವು ಯಾರ ಕಡೆಗಿದೆ ಎಂದು ಗ್ಲಾಸು ಎತ್ತಿ ಹೇಳುತ್ತಿದ್ದಾರೆ. ಅವರ ಮಾತಿಗೆ ನಗರಸಭೆಯಲ್ಲಿ ಜಾಗ ಇರಲಿಲ್ಲ. ಪಡಖಾನೆಯಲ್ಲಿ ಇತ್ತು.

ಹಾರ್ಲೆಮ್‌ನ ಆಡ್ರಿಯಾನ್ ವಾನ್ ಒಸ್ತಾಡೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1610ರಿಂದ 1685ರವರೆಗೆ ಬದುಕಿದವನು, ನೂರಾರು ಚಿತ್ರ ಬರೆದವನು. ಮೊದಮೊದಲು ಬ್ರೌವರ್ ದಾರಿಯಲ್ಲೇ ಕತ್ತಲ ಕೊಟ್ಟಿಗೆ, ಹೊಡೆದಾಟ, ಗದ್ದಲ. 1650ರ ನಂತರ ಅವನ ಪಡಖಾನೆಗೆ ಕಿಟಕಿಯಿಂದ ಬೆಳಕು ಬರುತ್ತದೆ. ಜನ ಸಮಾಧಾನವಾಗಿ ಕೂತು ಸೇದುತ್ತಾರೆ, ಮಗು ನೆಲದಲ್ಲಿ ಆಡುತ್ತದೆ. ಕೊಳ್ಳುವವರ ರುಚಿ ಬದಲಾಗಿತ್ತು, ಅವನ ಕೈಯೂ ಬದಲಾಯಿತು. ಚೆಂದದ ಚಿತ್ರಗಳೇ. ಆದರೂ ನನಗೆ ಅವನ ಮುಖಗಳು ಒಂದರಂತೆ ಒಂದು ಕಾಣುತ್ತವೆ. ಬ್ರೌವರ್ ಬರೆದ ಮುಖವನ್ನು ಬೀದಿಯಲ್ಲಿ ಕಂಡರೆ ಗುರುತು ಹಿಡಿಯಬಹುದು, ಒಸ್ತಾಡೆ ಬರೆದದ್ದನ್ನು ಆಗುವುದಿಲ್ಲ.

ಕೊನೆಗೆ, ಅದೇ ಹಾರ್ಲೆಮ್‌ನ ಒಬ್ಬ ಹೆಣ್ಣುಮಗಳು. ಯೂಡಿತ್ ಲೇಸ್ಟರ್, 1609ರಲ್ಲಿ ಹುಟ್ಟಿದವಳು. ಅವಳ ಅಪ್ಪನ ಬಿಯರ್ ಭಟ್ಟಿಗೆ ಧ್ರುವತಾರೆಯ ಹೆಸರು. ಅದೇ ಮನೆತನದ ಹೆಸರಾಯಿತು. ಅದಕ್ಕೇ ಚಿತ್ರದ ಮೂಲೆಯಲ್ಲಿ ತನ್ನ ಮೊದಲಕ್ಷರಗಳ ಜೊತೆ ಒಂದು ನಕ್ಷತ್ರ ಬರೆದು ಸಹಿ ಹಾಕುತ್ತಿದ್ದಳು. 1633ರ ಹೊತ್ತಿಗೆ ಕಲಾವಿದರ ಸಂಘದ ಸದಸ್ಯೆಯಾಗಿದ್ದಳು. ಅಷ್ಟಾದರೂ ಸತ್ತ ಮೇಲೆ ಅವಳ ಹೆಸರು ಅಳಿಸಿಹೋಯಿತು. ಚಿತ್ರಗಳು ಅದೇ ಊರಿನ ಹೆಸರಾಂತ ಕಲಾವಿದ ಫ್ರಾನ್ಸ್ ಹಾಲ್ಸ್ ಹೆಸರಲ್ಲಿ ಮಾರಾಟವಾದವು. ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ, ವಾದ್ಯ ನುಡಿಸುತ್ತಾ ಕುಡಿಯುವ ಜೋಡಿಯ ಚಿತ್ರವೂ ಹಾಗೇ ಹಾಲ್ಸ್ ಎಂದು ಮಾರಾಟವಾಗಿತ್ತು. 1893ರಲ್ಲಿ ಅದರ ಮೇಲೆ ಆ ನಕ್ಷತ್ರದ ಸಹಿ ಇದೆ ಎಂದು ತಿಳಿದ ಮೇಲೆಯೇ ಲೇಸ್ಟರ್ ಮತ್ತೆ ಬೆಳಕಿಗೆ ಬಂದಳು.

ಅವಳ ಕೊನೆಯ ಹನಿ ಎಂಬ ಚಿತ್ರ ಅಮೆರಿಕದ ಫಿಲಡೆಲ್ಫಿಯಾದಲ್ಲಿದೆ. ರಾತ್ರಿ, ಇಬ್ಬರು ಯುವಕರು. ಒಬ್ಬ ಖಾಲಿ ಮಗ್ಗು ತೋರಿಸುತ್ತಿದ್ದಾನೆ, ಇನ್ನೊಬ್ಬ ಹೂಜಿ ಎತ್ತಿ ಕೊನೆಯ ಹನಿಯವರೆಗೂ ಹೀರುತ್ತಿದ್ದಾನೆ. ಬಹಳ ಕಾಲ ಈ ಚಿತ್ರದಲ್ಲಿ ಕಂಡದ್ದು ಇಬ್ಬರೇ. ಆದರೆ ಹಳೆಯ ಪ್ರತಿಯೊಂದರಲ್ಲಿ ಮೂರನೆಯವನೊಬ್ಬ ಇದ್ದ. 1993ರಲ್ಲಿ ಚಿತ್ರ ಶುಚಿ ಮಾಡಿ, ಮೇಲೆ ಬಳಿದಿದ್ದ ಬಣ್ಣ ತೆಗೆದಾಗ ಅವನು ಹೊರಗೆ ಬಂದ. ಒಂದು ಅಸ್ಥಿಪಂಜರ. ಒಂದು ಕೈಯಲ್ಲಿ ಮರಳು ಗಡಿಯಾರ, ಇನ್ನೊಂದರಲ್ಲಿ ತಲೆಬುರುಡೆ. ಹಿಂದೆ ಯಾರೋ ಬಣ್ಣ ಬಳಿದು ಅದನ್ನು ಮುಚ್ಚಿಸಿದ್ದರು. ಬಹುಶಃ ಗೋಡೆಗೆ ನಗುವ ಕುಡುಕರು ಸಾಕು, ಸಾವು ಬೇಡ ಎಂದು. ಈ ಚಿತ್ರಗಳಿಗೆ ನಾವು ಮಾಡುತ್ತಾ ಬಂದಿರುವುದೇ ಇದು. ಒಂದೋ ಬರೀ ಮೋಜು ಎಂದು ನೋಡುತ್ತೇವೆ, ಇಲ್ಲವೇ ಬರೀ ಬುದ್ಧಿಮಾತು ಎಂದು. ಲೇಸ್ಟರ್ ಬರೆದದ್ದು ಎರಡನ್ನೂ ಒಟ್ಟಿಗೆ. ಆ ಹುಡುಗರ ಸುಖ ಸುಳ್ಳಲ್ಲ, ಮರಳು ಗಡಿಯಾರವೂ ಸುಳ್ಳಲ್ಲ.

ರೈಕ್ಸ್‌ಮ್ಯೂಸಿಯಂ ತನ್ನ ಚಿತ್ರಗಳನ್ನು ಜಾಲತಾಣದಲ್ಲಿ ದೊಡ್ಡ ಗಾತ್ರದಲ್ಲಿ ಉಚಿತವಾಗಿ ಇಟ್ಟಿದೆ. ಮನೆಗೆ ಹೋಗಿ ಸ್ಟೇನ್‌ನ ರಾಜಕುಮಾರನ ದಿನವನ್ನು ತೆರೆದು, ಸಾಧ್ಯವಾದಷ್ಟು ಹಿಗ್ಗಿಸಿ ನೋಡಿ. ನೆಲದಿಂದ ಶುರು ಮಾಡಿ, ಅಲ್ಲಿಂದ ಮೇಜು, ಕೈಗಳು, ಆಮೇಲೆ ಒಬ್ಬೊಬ್ಬರ ಮುಖ. ಅವಸರ ಮಾಡಬೇಡಿ. ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಬಹುದು.